ಬಳೆಗಂಡಿಯ ನೀರು

ಕಲ್ಲು ನೀರು ಕುಡಿಯುತ್ತದೆ ಎಂದು ಶಿವಲೀಲಾಳ ಆಯಿ ಹೇಳುತ್ತಿದ್ದಳು. ಮೈಮೇಲೆ ಹರಿದುಹೋಗುವ ನೀರಲ್ಲಿ ಒಂದೊಂದೇ ಗುಟುಕು ಕದ್ದು, ಯಾರಿಗೂ ಹೇಳದೆ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದಂತೆ. ಪ್ರೀತಿಯಿಂದ ಕೇಳುವವರು ಬಂದ ದಿನ ಎಲ್ಲವನ್ನೂ ಬಿಚ್ಚಿ ಹೇಳುತ್ತದಂತೆ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಈ ಮಾತು ಕೇಳಿದ ಹುಡುಗಿ ಮುಂದೆ ಭೂರಸಾಯನಶಾಸ್ತ್ರ ಓದಿದಳು, ಕಲ್ಲನ್ನು ಕೇಳುವ ಯಂತ್ರವೊಂದನ್ನು ಕಟ್ಟಿದಳು. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು.

ಯಂತ್ರದ ಹೆಸರು ಪದರವಾಚಕ. ಗಾತ್ರ ಒಂದು ಹೊಲಿಗೆ ಯಂತ್ರದಷ್ಟು. ಹರಿಯುವ ನೀರಿನಲ್ಲಿ ಕರಗಿದ ಸುಣ್ಣ ಇರುತ್ತದೆ. ಅದು ಕಾಲುವೆಯ ಕಲ್ಲಿನ ಮೇಲೆ ಪ್ರತಿ ವರ್ಷ ಒಂದು ತೆಳುವಾದ ಪೊರೆ ಬಿಟ್ಟುಹೋಗುತ್ತದೆ. ಮಳೆಗಾಲದ ಪೊರೆ ಬೆಳ್ಳಗೆ, ಬೇಸಗೆಯದು ಕಂದು. ಮರದ ಬುಡವನ್ನು ಕೊಯ್ದರೆ ಕಾಣುವ ಉಂಗುರಗಳ ಹಾಗೆ ಕಾಲುವೆಯ ಕಲ್ಲಿನಲ್ಲೂ ವರ್ಷಗಳು ಒಂದರ ಮೇಲೊಂದು ಕೂತಿರುತ್ತವೆ. ಪದರವಾಚಕ ಬೆಳಕಿನ ಸೂಜಿಯೊಂದನ್ನು ಚುಚ್ಚಿ, ಎದ್ದ ಹಬೆಯನ್ನು ಮೂಸಿ, ಯಾವ ಕಾಲದಲ್ಲಿ ಎಷ್ಟು ನೀರು ಹರಿಯಿತು, ಅದು ಊಟೆಯಿಂದ ಬಂದ ತಿಳಿನೀರೋ ಯಾರೋ ಬಳಸಿ ಬಿಟ್ಟದ್ದೋ ಎಂದು ಹೇಳಿಬಿಡುತ್ತಿತ್ತು. ಇರಾನಿನ ಮರಳುಗಾಡಿನಡಿಯ ಸುರಂಗಗಳಲ್ಲಿ, ಪೆಟ್ರಾದ ಬಂಡೆಗೆ ಕೊರೆದ ಕಾಲುವೆಗಳಲ್ಲಿ, ಪೆರುವಿನ ಬೆಟ್ಟಗದ್ದೆಗಳ ತೂಬುಗಳಲ್ಲಿ ಅದನ್ನು ಪರೀಕ್ಷಿಸಿದ್ದರು. ಎಲ್ಲಿಯೂ ತಪ್ಪಿರಲಿಲ್ಲ.

ಅದು ಕೊಳವೆಬಾವಿಗಳೆಲ್ಲ ಗಾಳಿ ಉಗುಳತೊಡಗಿದ ಮೇಲಿನ ಕಾಲ. ನದಿಯಿಂದ ಬರುವ ಪೈಪುಗಳು ದೊಡ್ಡ ನಗರಗಳಿಗೇ ಸಾಲುತ್ತಿರಲಿಲ್ಲ. ಹಳೆಯ ರಾಜಧಾನಿಗಳೆಲ್ಲ ಆಗ ತಮ್ಮ ಹಳೆಯ ನೀರನ್ನು ಅಗೆಯತೊಡಗಿದವು. ಹೊರದೇಶಗಳ ಪರಂಪರೆ ನಿಧಿ ಇದಕ್ಕೆ ನೆರವು ಕೊಡುತ್ತಿತ್ತು, ಆದರೆ ಒಂದು ಷರತ್ತಿನ ಮೇಲೆ: ನೀರು ಹಿಂದೆ ಹೇಗೆ ಹರಿಯುತ್ತಿತ್ತೋ ಹಾಗೆಯೇ ಹರಿಯಬೇಕು, ಹಿಂದೆ ಯಾರಿಗೆ ಎಷ್ಟು ಪಾಲಿತ್ತೋ ಅಷ್ಟೇ ಸಿಗಬೇಕು. ಇದಕ್ಕೆ ‘ಮೂಲಸ್ಥಿತಿ’ ಎಂದು ಹೆಸರು. ನೋಡಲು ಬರುವವರಿಗೆ ಗತಕಾಲ ಬೇಕಾಗಿತ್ತು. ಕುಡಿಯುವವರಿಗೆ ನೀರು ಬೇಕಾಗಿತ್ತು. ಎರಡೂ ಒಂದೇ ಕಾಲುವೆಯಲ್ಲಿ ಬರುತ್ತವೆ ಎಂದು ಎಲ್ಲರೂ ನಂಬಿದರು.

ಶಿವಲೀಲಾ ಎಲ್ಲರಿಗಿಂತ ಹೆಚ್ಚು ನಂಬಿದಳು. ಅವಳ ಊರು ಹಸನಗಡ, ಸುಲ್ತಾನರ ಕಾಲದ ಕೋಟೆಯ ಊರು. ಕೆಂಪು ಜಂಬಿಟ್ಟಿಗೆಯ ಗುಡ್ಡದಲ್ಲಿ ಒಸರುವ ನೀರನ್ನು ನೆಲದಡಿಯ ಸುರಂಗದಲ್ಲಿ ಕೋಟೆಗೆ ತಂದು, ಅಲ್ಲಿನ ಹಮಾಮಿಗೆ ಅಂದರೆ ಸ್ನಾನದ ಮಹಲಿಗೆ, ತೋಟಗಳಿಗೆ, ಓಣಿಗಳಿಗೆ ಹಂಚಿದ್ದರು. ಓಣಿಗಳಲ್ಲಿ ಕೊನೆಯದು, ಇಳಿಜಾರಿನ ತಳದಲ್ಲಿದ್ದದ್ದು, ಮಡಿವಾಳರ ಓಣಿ. ಅದು ಅವಳದು. ಅಲ್ಲಿನ ಗೋಡೆಯಲ್ಲಿ ಒಂದು ಗಂಡಿ, ಅದರಿಂದ ಹೊರಟ ಒಂದು ಕಲ್ಲುಕಾಲುವೆ. ಗಂಡಿಗೆ ಬಳೆಗಂಡಿ ಎಂದು ಹೆಸರು. ಬೇಗಮಳ ಮದುವೆಯ ಓಢಣಿಗೆ ದಾಳಿಂಬೆಯ ಕಲೆ ಬಿತ್ತಂತೆ. ಊರೆಲ್ಲ ಕೈಚೆಲ್ಲಿದ ಮೇಲೆ ಮಡಿವಾಳರ ಒಬ್ಬ ಹೆಣ್ಣುಮಗಳು ಕಲೆ ತೆಗೆದುಕೊಟ್ಟಳಂತೆ. ಏನು ಬೇಕು ಎಂದರೆ ಚಿನ್ನ ಕೇಳಲಿಲ್ಲ, ನಮ್ಮ ಓಣಿಗೊಂದು ಪಾಲು ನೀರು ಕೊಡ್ರಿ ಎಂದಳಂತೆ. ಬೇಗಮ ಕೈಯ ಬಳೆ ಕಳಚಿ ಹಸಿಗಾರೆಗೆ ಒತ್ತಿದಳು: ಇದರೊಳಗೆ ಎಷ್ಟು ಹಿಡಿಯುತ್ತದೋ ಅಷ್ಟು ನಿಮ್ಮದು. ಇಷ್ಟು ಆಯಿಯ ಕಥೆ. ಓಣಿಯ ಹತ್ತಿರ ಇದ್ದ ದಾಖಲೆಯೂ ಇಷ್ಟೇ.

ಕೋಟೆಯೊಳಗಿನ ಮನೆತನಗಳ ಹತ್ತಿರ ಸುಲ್ತಾನರ ಅಪ್ಪಣೆಯ ಫರ್ಮಾನುಗಳಿದ್ದವು, ತಾಮ್ರದ ತಗಡುಗಳಿದ್ದವು. ಅವುಗಳಲ್ಲಿ ಎಷ್ಟು ನಿಜ, ಎಷ್ಟನ್ನು ಮೊನ್ನೆ ಮೊನ್ನೆ ಹುಣಸೆರಸದಲ್ಲಿ ಅದ್ದಿ ಹಳೆಯದು ಮಾಡಿದ್ದಾರೆ ಎಂದು ಹೇಳುವವರಿರಲಿಲ್ಲ. ಹಾಗಾಗಿಯೇ ಹಸನಗಡದ ಪಾರಂಪರಿಕ ಜಲ ಪ್ರಾಧಿಕಾರ ಹಂಚಿಕೆಯ ನಿಯಮ ಬರೆಯುವಾಗ ಯಂತ್ರದ ತಜ್ಞೆಯಾಗಿ ಕೂತಿದ್ದ ಶಿವಲೀಲಾ ಹಟ ಹಿಡಿದು ಒಂದು ವಾಕ್ಯ ಸೇರಿಸಿದಳು: ‘ಕಾಗದದ ಸಾಕ್ಷಿ ಬೇಡ, ಬಾಯಿಮಾತಿನ ಸಾಕ್ಷಿಯೂ ಬೇಡ, ಕಲ್ಲಿನ ಸಾಕ್ಷಿಯೇ ಅಂತಿಮ.’ ಕಾಗದವಿದ್ದವರು ಸೋಲಲಿ, ಕಾಗದವಿಲ್ಲದವರು ಗೆಲ್ಲಲಿ ಎಂಬುದು ಅವಳ ಲೆಕ್ಕ. ನಿರ್ದೇಶಕ ಜಾಗೀರದಾರರು ಆ ವಾಕ್ಯವನ್ನು ಎರಡು ಸಲ ಓದಿ, ಬಹಳ ಮೆಚ್ಚಿದರು.

ನಿಯಂತ್ರಣ ಕೊಠಡಿ ಹಳೆಯ ಹಮಾಮಿನ ಪಕ್ಕದ ಕಮಾನಿನ ಕೆಳಗಿತ್ತು. ಗೋಡೆಯ ಮೇಲೆ ಊರಿನ ನಕಾಶೆ. ಪರೀಕ್ಷೆ ಮುಗಿದ ಕಾಲುವೆಗಳೆಲ್ಲ ಅದರಲ್ಲಿ ನೀಲಿಯಾಗುತ್ತ ಬಂದಿದ್ದವು. ತೂಬುಗಳ ಎಂಜಿನಿಯರ್ ಮೊಹಸಿನ ಒಂದೊಂದು ನೀಲಿಗೆರೆ ಮೂಡಿದಾಗಲೂ ಚಹಾದ ಲೋಟ ಎತ್ತುತ್ತಿದ್ದ.

“ದೇಸಾಯರ ವಾಡೆದ ಕಾಲುವಿ ನೋಡ್ರಿ ಮೇಡಂ,” ಅಂದ ಅವನು. “ಬೆರಳು ದಪ್ಪ ಪೊರೆ. ನೂರಾರು ವರ್ಷ ಒಮ್ಮೆನೂ ಕಸಬರಿಗಿ ತೋರಿಸಿಲ್ಲ ಪುಣ್ಯಾತ್ಮರು.”

“ಹೊಲಸು ಇದ್ದಷ್ಟು ನಮಗ ಓದಲಿಕ್ಕೆ ಛಲೋ,” ಎಂದು ಶಿವಲೀಲಾ ನಕ್ಕಳು.

“ಹಂಗಂದ್ರ ನನ್ನ ಖೋಲಿ ಒಮ್ಮೆ ಓದಿಸ್ರಿ. ಅಕ್ಬರನ ಕಾಲದ್ದು ಏನರ ಸಿಗಬಹುದು.”

ಮರುದಿನ ಮಡಿವಾಳರ ಓಣಿಯ ಸರದಿ. ಶಿವಲೀಲಾ ಮನೆಗೆ ಫೋನು ಮಾಡಿದಳು.

“ಅವ್ವ, ನಾಳೆ ಯಂತ್ರ ತಗೊಂಡು ಬರ್ತೀವಿ. ಸಾಹೇಬ್ರೂ ಬರ್ತಾರ, ಪರದೇಶದವರು ಇಬ್ಬರು ಬರ್ತಾರ.”

“ಬರ್ರಿ ಬರ್ರಿ,” ಎಂದಳು ಅವಳ ತಾಯಿ ಬಸಲಿಂಗವ್ವ. ಹಿಂದೆ ಹತ್ತಾರು ಹೆಂಗಸರ ಗದ್ದಲ ಕೇಳುತ್ತಿತ್ತು. “ನೀ ಏನೂ ಕಾಳಜಿ ಮಾಡಬ್ಯಾಡ. ನಿನ್ನ ಮಾನಾ ಹೋಗಗೊಡಂಗಿಲ್ಲ ನಾವು. ಇಡೀ ಓಣಿ ಇದಕ್ಕ ನಿಂತದ.”

ಶಿವಲೀಲಾ ಖುಷಿಯಿಂದ ಫೋನಿಟ್ಟಳು. ನಕಾಶೆಯ ತಳದಲ್ಲಿ ಇನ್ನೂ ಬೂದು ಬಣ್ಣದಲ್ಲಿದ್ದ ಗೆರೆಯೊಂದು ಬಳೆಯ ಗಾತ್ರದ ನೀಲಿಯಾಗುವುದನ್ನು ಕಲ್ಪಿಸಿಕೊಂಡಳು. ಆ ಗೆರೆಯ ಮೇಲೆ ಬೇಗಮ ಬರಿಗಾಲಲ್ಲಿ ನಡೆದುಬರುವಂತೆ ಅನ್ನಿಸಿತು.

*

ಓಣಿಯ ಬಾಯಿಯಲ್ಲಿ ರಂಗೋಲಿ ಇತ್ತು. ಹೆಂಗಸರು ಇಳಕಲ್ಲ ಸೀರೆಯುಟ್ಟು ನಿಂತಿದ್ದರು. ಗಂಡಸರು ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟಿದ್ದರು. ಬಟ್ಟೆಯ ವಿಷಯದಲ್ಲಿ ಆ ಓಣಿಯನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ನಿರ್ದೇಶಕರ ಕೊರಳಿಗೆ ಹಾರ ಬಿತ್ತು. ನಿಧಿಯ ಕಡೆಯ ಪರದೇಶದ ಇಬ್ಬರು ಕುಂಕುಮ ಹಚ್ಚಿಸಿಕೊಂಡರು.

ಶಿವಲೀಲಾ ಮಾತ್ರ ಕಾಲುವೆಯನ್ನು ನೋಡಿ ನಿಂತಲ್ಲೇ ನಿಂತಳು.

ಕಾಲುವೆ ಹೊಳೆಯುತ್ತಿತ್ತು. ಗಂಡಿಯ ತುಟಿಯಿಂದ ಓಣಿಯ ತುದಿಯವರೆಗೆ ಕರಿಕಲ್ಲು ಆಗ ತಾನೇ ಕಡೆದು ತಂದಂತೆ ಹೊಳೆಯುತ್ತಿತ್ತು. ಅಂಚಿನಲ್ಲಿ ತೆಂಗಿನ ನಾರಿನ ಉಂಡೆಗಳು, ಹಿಂಡಿದ ಹುಣಸೆಹಣ್ಣಿನ ಗುಪ್ಪೆಗಳು, ಬುಟ್ಟಿಗಟ್ಟಲೆ ಲಿಂಬೆಸಿಪ್ಪೆ. ಗಾಳಿಯಲ್ಲಿ ಹುಳಿಯ ಘಾಟು.

“ಹ್ಯಾಂಗದ?” ಬಸಲಿಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಬೆರಳ ಸಂದುಗಳು ಹುಳಿಗೆ ಬೆಳ್ಳಗೆ ಸುಲಿದಿದ್ದವು. “ಸೀಗಿ ಹುಣ್ಣಿವಿಗೆ ತಿಕ್ಕೋದು ಮ್ಯಾಲ ಮ್ಯಾಲ. ಇದು ಹಂಗಲ್ಲ. ಮೂಲ್ಯಾಗ, ಸಂದ್ಯಾಗ ಕಲ್ಲಿನಂಗ ಕೂತಿತ್ತಲ್ಲ ಬಿಳೇದು, ಅದನೂ ಚಮಚಾ ಹಾಕಿ ಕೆರದೀವಿ.”

“ನಮ್ಮ ಅತ್ತಿ ಕಾಲದಾಗೂ ಅದು ಹೋಗಿದ್ದಿಲ್ಲ,” ಎಂದು ಪಕ್ಕದ ಮನೆಯ ದಾನವ್ವ ಕಟ್ಟೆಯ ಮೇಲಿಂದಲೇ ಸೇರಿಸಿದಳು. ಮೊಳಕಾಲು ನೋವಿನಿಂದ ಅವಳು ಕಟ್ಟೆ ಬಿಟ್ಟು ಇಳಿಯುವುದು ಅಪರೂಪ, ಆದರೆ ಅವಳ ಬಾಯಿ ಓಣಿಯ ಎಲ್ಲ ಮನೆಗೂ ಹೋಗಿಬರುತ್ತಿತ್ತು. “ನಾ ಇಲ್ಲೇ ಕೂತು ನಾಕು ಬುಟ್ಟಿ ಲಿಂಬಿಕಾಯಿ ಹಿಂಡೀನಿ. ನಿಮ್ಮ ಪರದೇಶದವರಿಗೆ ಹೇಳು, ಮುಖಾ ನೋಡ್ಕೋಬಹುದು ಇದರಾಗ.”

ಸುಣ್ಣದ ಪೊರೆ ಹುಳಿಗೆ ಕರಗುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಸೀಗೆ ಹುಣ್ಣಿಮೆಯ ಹಿಂದಿನ ದಿನ ಪ್ರತಿ ಮನೆಯಿಂದ ಒಂದು ಮುಷ್ಟಿ ಹುಣಸೆಹಣ್ಣು ತಂದು, ಓಣಿಯ ಹೆಣ್ಣುಮಕ್ಕಳೆಲ್ಲ ಸಾಲಾಗಿ ಕೂತು ಕಾಲುವೆ ತಿಕ್ಕುವುದು ತಲೆತಲಾಂತರದ ರೂಢಿ. ನೀರು ನಿಂತುಹೋದ ಮೇಲೂ ಅದನ್ನು ಬಿಟ್ಟಿರಲಿಲ್ಲ. ನಾಳೆ ನೀರು ಬಂದರೆ ಯಾವ ಮುಖದಿಂದ ಎದುರುಗೊಳ್ಳುವುದು ಎನ್ನುತ್ತಿದ್ದರು. ಶಿವಲೀಲಾ ತಾನೂ ಫ್ರಾಕು ತೊಟ್ಟ ವಯಸ್ಸಿನಿಂದ ತಿಕ್ಕಿದ್ದಳು. ಹಲ್ಲುಜ್ಜಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ; ಹಾಗೆ ನಿಯಮ ಬರೆಯುವಾಗ ಅದು ಅವಳಿಗೆ ನೆನಪಾಗಲೇ ಇಲ್ಲ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಪೊರೆಯನ್ನು ಆಮ್ಲದಲ್ಲಿ ಕರಗಿಸುವಾಗಲೂ ಆಗಲಿಲ್ಲ.

“ಶುರು ಮಾಡೋಣಲ್ಲ?” ಎಂದರು ಜಾಗೀರದಾರರು.

ಪದರವಾಚಕದ ಸೂಜಿ ಗಂಡಿಯ ಬಾಯಲ್ಲಿ ಚುಚ್ಚಿತು, ಕಾಲುವೆಯ ತಳದಲ್ಲಿ ಚುಚ್ಚಿತು, ಮೂಲೆಗಳಲ್ಲಿ ಚುಚ್ಚಿತು. ಓಣಿಯವರು ಯಂತ್ರದ ಸಣ್ಣ ಪರದೆಯನ್ನೇ ನೋಡುತ್ತಿದ್ದರು. ಪ್ರತಿ ಸಲವೂ ಅದರಲ್ಲಿ ಒಂದೇ ಮಾತು ಮೂಡಿತು: ಪದರವಿಲ್ಲ. ಹರಿವಿನ ಗುರುತಿಲ್ಲ.

“ಏನಂತದ?” ಎಂದು ಬಸಲಿಂಗವ್ವ ಕೇಳಿದಳು.

ಶಿವಲೀಲಾ ಯಂತ್ರದ ತಂತಿ ಸುತ್ತತೊಡಗಿದಳು. “ಇನ್ನೂ ನೋಡಬೇಕವ್ವ.”

“ಸ್ವಚ್ಛ ಅದ ಅಂತ ಹೇಳ್ತದಿಲ್ಲೊ?”

“ಹೇಳ್ತದ,” ಅಂದಳು ಮಗಳು. “ಭಾಳ ಸ್ವಚ್ಛ ಅದ ಅಂತದ.”

ಓಣಿಯವರು ಚಪ್ಪಾಳೆ ತಟ್ಟಿದರು.

*

“ಅಲಂಕಾರದ ಗಂಡಿ ಅಂತ ಬರೆಯೋಣ,” ಎಂದರು ಜಾಗೀರದಾರರು. ಅವರು ಕೆಟ್ಟ ಮನುಷ್ಯರೇನಲ್ಲ. ಮಾತು ಮೆತ್ತಗೆ, ಕೂಡಲು ಕುರ್ಚಿ ಕೊಟ್ಟು ಮಾತಾಡುವವರು. “ಗೋಡೆಯ ಅಂದಕ್ಕೆ ಮಾಡಿಸಿದ್ದಿರಬೇಕು. ಎಷ್ಟೋ ಕಡೆ ಇಂಥವು ಇವೆ.”

“ಸರ್, ಅವರು ತಿಕ್ಕಿದ್ದಾರೆ. ನಾನೇ ತಿಕ್ಕಿದ್ದೇನೆ. ಪೊರೆ ಇತ್ತು, ಹುಳಿಗೆ ಹೋಗಿದೆ.”

“ಇತ್ತು ಅಂತ ನೀವು ಹೇಳ್ತೀರಿ.”

“ಊರೆಲ್ಲ ಹೇಳುತ್ತದೆ.”

ಜಾಗೀರದಾರರು ನಿಯಮಾವಳಿಯನ್ನು ತೆರೆಯಲೂ ಇಲ್ಲ. ಅವಳ ವಾಕ್ಯ ಅವರಿಗೆ ಬಾಯಿಪಾಠವಾಗಿತ್ತು. “ಬಾಯಿಮಾತಿನ ಸಾಕ್ಷಿಯೂ ಬೇಡ. ಎಷ್ಟು ಚೆನ್ನಾಗಿ ಬರೆದಿರಿ ಶಿವಲೀಲಾ. ಈಗ ನಿಮ್ಮ ಓಣಿಗಾಗಿ ಅದನ್ನು ಸಡಿಲಿಸಿದರೆ ದೇಸಾಯರು ಇನ್ನೂ ಪಾಲು ಬೇಕೆಂದು ನಾಳೆಯೇ ತಾಮ್ರದ ತಗಡು ಹಿಡಿದು ಬರುತ್ತಾರೆ. ಬರಬೇಡಿ ಅನ್ನಲಿಕ್ಕೆ ನನಗೆ ಬಾಯಿ ಇರುತ್ತದೆಯೇ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಯಾರು ತಮ್ಮ ಕಾಲುವೆಯನ್ನು ತಿರುಗಿಯೂ ನೋಡಲಿಲ್ಲವೋ ಅವರಿಗೆಲ್ಲ ನೀರು ಸಿಕ್ಕಿತ್ತು. ಯಾರು ದೇವರಂತೆ ನೋಡಿಕೊಂಡರೋ ಅವರ ಸಾಕ್ಷಿ ಹುಣಸೆಗುಪ್ಪೆಯ ಜೊತೆ ತಿಪ್ಪೆಗೆ ಹೋಗಿತ್ತು.

ಮೊಹಸಿನನೇ ಒಂದು ದಾರಿ ತೋರಿಸಿದ. “ಮೇಡಂ, ಬಂದ ನೀರು ಹೋಗಲೇಬೇಕಲ್ಲ. ಒಳಗ ಬಂದದ್ದರ ಗುರ್ತು ಇಲ್ಲಂದ್ರ ಹೊರಗ ಹೋದದ್ದರ ಗುರ್ತು ಹುಡುಕೋಣ.”

ಓಣಿಯ ನಡುವೆ, ಮಣ್ಣಡಿಯಲ್ಲಿ, ಹಳೆಯ ಕಲ್ಲುಮೋರಿಯೊಂದಿತ್ತು. ಬಟ್ಟೆ ಒಗೆದ ನೀರು ಅದರಲ್ಲಿ ಇಳಿದು ಕೆಳಗಿನ ಹಳ್ಳಕ್ಕೆ ಹೋಗುತ್ತಿತ್ತು ಎಂದು ಆಯಿ ಹೇಳಿದ್ದಳು. ಮೋರಿಯನ್ನು ಯಾರೂ ತಿಕ್ಕಿರಲಿಲ್ಲ. ಮೋರಿಗೆ ಯಾರು ಪೂಜೆ ಮಾಡುತ್ತಾರೆ? ನೆಲ ಅಗೆದು ಸೂಜಿ ಚುಚ್ಚಿದಾಗ ಪರದೆಯ ತುಂಬ ಪದರಗಳು ತೆರೆದುಕೊಂಡವು. ಮೂರು ಬೆರಳು ದಪ್ಪ. ಸೌಳುಮಣ್ಣು, ಬೂದಿ, ಅಂಟುವಾಳ, ನೀಲಿ. ಒಂದಾದ ಮೇಲೊಂದು ತಲೆಮಾರು ಬಟ್ಟೆ ಒಗೆದ ಗುರುತು. ನಡುವೆ ಒಂದು ಪದರದಲ್ಲಿ ಕೆಂಪು ಛಾಯೆ ಕಂಡಾಗ ಶಿವಲೀಲಾಳ ಕಣ್ಣು ಮಂಜಾಯಿತು. ದಾಳಿಂಬೆಯದ್ದೇ ಎಂದು ವಿಜ್ಞಾನ ಹೇಳಲಾರದು, ಅವಳೂ ಹೇಳಲಿಲ್ಲ.

ವರದಿಯನ್ನು ಅವಳೇ ಬರೆದಳು: ಇಷ್ಟು ಬಳಸಿದ ನೀರು ಹೊರಗೆ ಹೋಗಬೇಕಾದರೆ ಅಷ್ಟು ತಿಳಿನೀರು ಒಳಗೆ ಬಂದಿರಲೇಬೇಕು. ಇದು ಕಲ್ಲಿನ ಸಾಕ್ಷಿ. ಮಡಿವಾಳರ ಓಣಿಗೆ ಪಾಲು ಇತ್ತು.

ಸುದ್ದಿ ಹೇಳಲು ಆ ಸಂಜೆ ಮನೆಗೆ ಹೋದಾಗ ಬಸಲಿಂಗವ್ವ ಟ್ಯಾಂಕರಿನ ಸಾಲಿನಿಂದ ಆಗ ತಾನೇ ಬಂದಿದ್ದಳು. ಕೊಡ ಇಳಿಸದೆಯೇ ಎಲ್ಲ ಕೇಳಿದಳು.

“ಅಂದ್ರ ನಾವು ತಿಕ್ಕಿದ್ದು ತಪ್ಪಾತೇನು?”

“ತಪ್ಪಲ್ಲ ಅವ್ವ. ಈಗ ಸರಿಹೋಗ್ತದ.”

“ತಪ್ಪೇ ಆಗೇದ. ಬಾಯಿ ಬಿಟ್ಟು ಹೇಳವಲ್ಲಿ.” ಕೊಡ ಇಳಿಸಿ, ತನ್ನ ಸುಲಿದ ಬೆರಳುಗಳನ್ನು ನೋಡಿಕೊಂಡಳು. “ನಿಮ್ಮ ಆಯಿ ಇದ್ದಿದ್ರ ನನಗ ಬೈತಿದ್ಲು. ಮೂಲ್ಯಾಗಿಂದು ಬಿಡ್ರಿ, ಎಷ್ಟು ತಿಕ್ಕಿದ್ರೂ ಅದು ಹೋಗಂಗಿಲ್ಲ ಅಂತಿದ್ಲು. ನಾನೇ ಚಮಚಾ ತಂದೆ.”

ಶಿವಲೀಲಾ ತಾಯಿಯ ಕೈ ಹಿಡಿದುಕೊಂಡಳು. ಬಸಲಿಂಗವ್ವ ಕೈ ಎಳೆದುಕೊಂಡು ಒಲೆಯ ಕಡೆ ಹೋದಳು.

*

ವಿಚಾರಣೆ ಕೋಟೆಯ ದರ್ಬಾರು ಅಂಗಳದಲ್ಲಿ ನಡೆಯಿತು. ನಕಾಶೆಯಲ್ಲಿ ನೀಲಿಯಾದ ಓಣಿಗಳವರು ಮುಂದೆ ಕೂತಿದ್ದರು, ಮಡಿವಾಳರು ಹಿಂದೆ. ವರದಿಯನ್ನು ಓದಿದ್ದಾಯಿತು. ಜಾಗೀರದಾರರು ಶಿವಲೀಲಾಳನ್ನು ಎಲ್ಲರೆದುರಿಗೆ ಹೊಗಳಿದರು.

“ಈ ಮೋರಿಯನ್ನು ಕಂಡುಹಿಡಿದು ಅವರು ನಮ್ಮ ದೊಡ್ಡ ತಲೆನೋವು ಕಳೆದಿದ್ದಾರೆ,” ಎಂದರು.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಪರದೆಯ ಮೇಲೆ ನಕಾಶೆ ಮೂಡಿತು. ಮಡಿವಾಳರ ಮೋರಿಯ ಮೇಲ್ತುದಿ ಹಮಾಮಿನ ಗೋಡೆಯವರೆಗೆ ಹೋಗುತ್ತಿತ್ತು. ಹಮಾಮು ಈಗ ಹೊಸ ಹೋಟೆಲಿನ ಸ್ನಾನಗೃಹವಾಗಿತ್ತು. ನೀರು ಬಂದ ಮೇಲೆ ಅಲ್ಲಿ ಬಂದವರಿಗೆ ಸುಲ್ತಾನರ ಸ್ನಾನ ಮಾಡಿಸುವವರಿದ್ದರು. ಆ ನೀರನ್ನು ಎಲ್ಲಿ ಬಿಡುವುದು ಎಂಬುದೇ ಈವರೆಗೆ ತೀರ್ಮಾನವಾಗಿರಲಿಲ್ಲ. ಮೂಲಸ್ಥಿತಿಯಲ್ಲಿ ಇಲ್ಲದ ಹೊಸ ಕೊಳವೆ ಹಾಕುವಂತಿರಲಿಲ್ಲ.

“ಸರ್, ಆ ಮೋರಿ ಓಣಿಯದು,” ಎಂದು ಅವಳು ಎದ್ದು ನಿಂತಳು. “ಪದರದಲ್ಲಿ ಸೌಳು ಇದೆ, ಅಂಟುವಾಳ ಇದೆ. ಅದು ಹಮಾಮಿನ ನೀರಲ್ಲ.”

“ಸ್ನಾನಕ್ಕೂ ಅಂಟುವಾಳ ಬಳಸುತ್ತಿದ್ದರು. ಮಹಲಿನ ಬಟ್ಟೆ ಅಲ್ಲಿಯೇ ಒಗೆದಿರಬಹುದು. ಬಳಸಿದ ನೀರು ಹರಿಯಿತು ಅನ್ನುವುದಷ್ಟೇ ಖಚಿತ. ಯಾರು ಬಳಸಿದರು ಅಂತ ನಿಮ್ಮ ಯಂತ್ರ ಹೇಳುತ್ತದೆಯೇ?”

“ಇಲ್ಲ.”

“ಮತ್ತೆ ಯಾರು ಹೇಳುತ್ತಾರೆ?”

“ನಾ ಹೇಳ್ತೀನ್ರಿ,” ಎಂದು ಹಿಂದಿನಿಂದ ಬಸಲಿಂಗವ್ವ ಎದ್ದಳು. “ನಮ್ಮ ಅತ್ತಿ ಹೇಳ್ಯಾಳ, ಅವರ ಅತ್ತಿ ಅವರಿಗೆ ಹೇಳ್ಯಾಳ. ಒಗದವರು ನಾವು. ನಿಮ್ಮ ಸುಲ್ತಾನನ ಹಾಸಿಗಿ, ದೇಸಾಯರ ಧೋತರ, ಎಲ್ಲಾ ನಾವೇ ಒಗದದ್ದು. ಆ ನೀರು ಗಂಡ್ಯಾಗಿಂದ ಬರ್ತಿತ್ತು. ಇಲ್ಲಿ ಕೂತ ಯಾರಿಗರ ಗೊತ್ತಿಲ್ಲ ಅನ್ನಲಿ ನೋಡೋಣು.”

ಯಾರೂ ಗೊತ್ತಿಲ್ಲ ಅನ್ನಲಿಲ್ಲ. ಮುಂದಿನ ಸಾಲಿನಲ್ಲಿ ದೇಸಾಯರ ಮನೆಯ ಹಿರಿಯರೊಬ್ಬರು ತಲೆ ತಗ್ಗಿಸಿ ಕೋಲಿನ ತುದಿ ನೋಡಿದರು. ಬರೆದುಕೊಳ್ಳುತ್ತಿದ್ದ ಗುಮಾಸ್ತ ಕೈ ನಿಲ್ಲಿಸಿ ಜಾಗೀರದಾರರ ಕಡೆ ನೋಡಿದ.

“ಇದನ್ನು ಬರೆಯಬೇಕಾಗಿಲ್ಲ,” ಎಂದರು ಅವರು, ಮೆತ್ತಗೆ. “ನಿಯಮದಲ್ಲಿ ಅವಕಾಶವಿಲ್ಲ.”

ಬಸಲಿಂಗವ್ವ ಮಗಳ ಕಡೆ ತಿರುಗಿದಳು. ಆ ನಿಯಮ ಯಾರದೆಂದು ಅವಳಿಗೆ ಗೊತ್ತಿತ್ತು. ಅದನ್ನು ಬರೆದ ದಿನ ಮಗಳೇ ಹೆಮ್ಮೆಯಿಂದ ಓದಿ ಹೇಳಿದ್ದಳು. ಬಸಲಿಂಗವ್ವ ಸೆರಗು ಸರಿಮಾಡಿಕೊಂಡು ಕೂತಳು.

ತೀರ್ಪು ಹೀಗಿತ್ತು: ಬಳೆಗಂಡಿ ಅಲಂಕಾರಕ್ಕಾಗಿ ಮಾಡಿದ್ದು, ಅದಕ್ಕೆ ಪಾಲಿಲ್ಲ. ಮಡಿವಾಳರ ಓಣಿಯ ಮೋರಿ ಕೋಟೆಯ ಮುಖ್ಯ ಹೊರಹರಿವು. ಅದನ್ನು ಮೊದಲಿದ್ದಂತೆ, ಮೇಲೆ ಮುಚ್ಚಳವಿಲ್ಲದೆ, ಪುನಃ ಹರಿಸತಕ್ಕದ್ದು.

ಸಂಜೆ ಶಿವಲೀಲಾ ಮರುಪರಿಶೀಲನೆಗೆ ಅರ್ಜಿ ಹಾಕಿದಳು; ಅದಕ್ಕೆ ಉತ್ತರವೇ ಬರಲಿಲ್ಲ. ಯಂತ್ರಕ್ಕೆ ಗೊತ್ತಾಗದ ಸಂಗತಿಗಳು ಎಂದು ಒಂದು ಲೇಖನವನ್ನೇ ಬರೆದು ಹೊರದೇಶದ ನಿಧಿಗೆ ಕಳಿಸಿದಳು. ಬಹಳ ಕುತೂಹಲಕರ, ಮುಂದಿನ ಆವೃತ್ತಿಯ ಯಂತ್ರದಲ್ಲಿ ಇದನ್ನು ಪರಿಗಣಿಸುತ್ತೇವೆ ಎಂದು ಉತ್ತರ ಬಂತು.

*

ತೂಬು ತೆರೆಯುವ ದಿನ ನಿಯಂತ್ರಣ ಕೊಠಡಿಯ ನಕಾಶೆಯಲ್ಲಿ ಹಸನಗಡ ಹೂವಿನಂತೆ ಅರಳಿತು. ಗುಡ್ಡದ ನೀರು ಸುರಂಗ ದಾಟಿ ಬಂದು ಒಂದೊಂದೇ ಓಣಿಯಲ್ಲಿ ನೀಲಿಯಾಗಿ ಇಳಿಯಿತು. ದೇಸಾಯರ ವಾಡೆಯ ಕಾರಂಜಿ ಚಿಮ್ಮಿತು. ಜನ ಬೀದಿಯಲ್ಲಿ ಕುಣಿದರು. ಯಾರು ನೋಡಿದರೂ ಚೆಂದವೇ ಅನ್ನುವಂತಿತ್ತು; ಶಿವಲೀಲಾಳಿಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ನಕಾಶೆಯ ತಳದಲ್ಲಿ ಕೊನೆಯ ಗೆರೆ, ಮಡಿವಾಳರ ಮೋರಿ, ಕಂದುಬಣ್ಣದಲ್ಲಿ ಇಳಿಯಬೇಕಾಗಿತ್ತು. ಇಳಿಯಲಿಲ್ಲ.

“ಕೆಳಗ ಏನೋ ಅಡ್ಡ ಬಂದದ,” ಎಂದ ಮೊಹಸಿನ. ಲೋಟವನ್ನು ಅವನು ಅವತ್ತು ಎತ್ತಿರಲಿಲ್ಲ.

ಹಮಾಮಿನೊಳಗೆ ಮೊಳಕಾಲುದ್ದ ಕೊಳೆನೀರು ತಿರುಗಿ ಬಂದಿತು. ಟವೆಲು ಸುತ್ತಿಕೊಂಡ ಅತಿಥಿಗಳು ಹೊರಗೋಡಿದರು. ಪೊಲೀಸರು ಕೆಳಗಿನ ಓಣಿಗೆ ಹೋದಾಗ ಮೋರಿಯ ಬಾಯಿ ಬಿಗಿಯಾಗಿ ಮುಚ್ಚಿತ್ತು. ಮಡಿವಾಳರ ಹೆಂಗಸರು ಅದಕ್ಕೆ ಕಲ್ಲು ತುಂಬಿರಲಿಲ್ಲ. ಒಗೆಯಲು ಕೊಟ್ಟವರು ಎಷ್ಟೋ ಕಾಲದಿಂದ ಒಯ್ಯಲು ಬಾರದೆ ಮನೆಗಳಲ್ಲಿ ಉಳಿದಿದ್ದ ಬಟ್ಟೆಗಳನ್ನೆಲ್ಲ ತಂದು, ಒದ್ದೆ ಮಾಡಿ, ತಿರುಚಿ, ಒಂದರ ಪಕ್ಕ ಒಂದು ತುರುಕಿದ್ದರು. ಒದ್ದೆ ಬಟ್ಟೆಯಷ್ಟು ಗಟ್ಟಿಯಾಗಿ ನೀರನ್ನು ಹಿಡಿಯುವುದು ಮತ್ತೊಂದಿಲ್ಲ. ಬಸಲಿಂಗವ್ವನನ್ನೂ ಇನ್ನೂ ಕೆಲವರನ್ನೂ ಸ್ಮಾರಕಕ್ಕೆ ಹಾನಿ ಮಾಡಿದ್ದಾರೆಂದು ಹೊರಠಾಣೆಯಲ್ಲಿ ಕೂಡಿಸಿದರು.

ಶಿವಲೀಲಾ ಹೋದಾಗ ಅವರು ಬೆಂಚಿನ ಮೇಲೆ ಮದುವೆಗೆ ಬಂದವರಂತೆ ಕೂತಿದ್ದರು. ಕೈಗಳು ಮಾತ್ರ ಇನ್ನೂ ಒದ್ದೆ.

“ಅವ್ವ, ಸಾಹೇಬ್ರ ಜೋಡಿ ಮಾತಾಡೀನಿ,” ಎಂದಳು. “ಕಲ್ಲಿಗೆ ಏಟು ಬೀಳದಂಗ ಬಟ್ಟಿ ತೆಗದು, ಸ್ಮಾರಕಕ್ಕ ಏನೂ ಆಗಿಲ್ಲ ಅಂತ ನಾ ಸಹಿ ಮಾಡಿದ್ರ ನಿಮ್ಮನ್ನ ಬಿಡ್ತಾರಂತ. ಕೇಸು ಹಾಕಂಗಿಲ್ಲಂತ.”

“ನೀ ಅದಕ್ಕ ಕೈ ಹಚ್ಚಬ್ಯಾಡ.”

“ಹಚ್ಚಲಿಲ್ಲಂದ್ರ ಟ್ಯಾಂಕರು ಬಂದ್ ಮಾಡ್ತಾರ. ಓಣ್ಯಾಗ ಕೂಸುಗಳವ, ಬಾಣಂತಿ ಅದಾಳ.”

“ನಮ್ಮನ್ನ ಒಳಗ ಹಾಕಲಿ. ಜೇಲಿನಾಗ ನೀರು ಕೊಡ್ತಾರಂತ, ಕೇಳೀನಿ.”

ಪಕ್ಕದಲ್ಲಿದ್ದವರು ಸಣ್ಣಗೆ ನಕ್ಕರು. ಬಸಲಿಂಗವ್ವ ನಗಲಿಲ್ಲ. “ಯಾರರ ತೆಗೀಲಿ, ಶಿವಲೀಲಾ. ಪೊಲೀಸರು ತೆಗೀಲಿ. ಆ ಜಾಗೀರದಾರ ಧೋತರ ಕಟ್ಟಿ ಇಳದು ತೆಗೀಲಿ. ನೀ ತೆಗೀಬ್ಯಾಡ. ಇಷ್ಟು ಕೇಳ್ತೀನಿ ನಿನ್ನ.”

“ಪೊಲೀಸರು ಕಬ್ಬಿಣದ ಹಾರಿ ಹಾಕಿ ಕೀಳ್ತಾರವ್ವ. ಕಲ್ಲು ಒಡದ್ರ ಅದೂ ನಿಮ್ಮ ಮ್ಯಾಲೇ ಬರ್ತದ.”

ತಾಯಿ ಗೋಡೆಯ ಕಡೆ ಮುಖ ಮಾಡಿದಳು. ಶಿವಲೀಲಾ ಹೊರಟಾಗಲೂ ಆ ಮುಖ ತಿರುಗಲಿಲ್ಲ.

ಓಣಿಯಲ್ಲಿ ಎಲ್ಲರೂ ಕಟ್ಟೆಗಳ ಮೇಲೆ ನಿಂತಿದ್ದರು. ಯಾರೂ ಅವಳನ್ನು ತಡೆಯಲಿಲ್ಲ, ಯಾರೂ ಕರೆಯಲೂ ಇಲ್ಲ. ಅವಳು ಚಪ್ಪಲಿ ಬಿಟ್ಟು ಮೋರಿಗಿಳಿದಳು. ಮೊದಲ ಬಟ್ಟೆ ಒಂದು ಹಾಸಿಗೆ ಹೊದಿಕೆ. ಅಂಚಿನಲ್ಲಿ ಯಾರದೋ ಮನೆಯ ಗುರುತಿನ ಕೆಂಪು ಹೊಲಿಗೆ. ಆಮೇಲೆ ಒಂದು ಖಾಕಿ ಅಂಗಿ. ಒಂದು ಮದುವೆಯ ಸೀರೆ. ಮಕ್ಕಳ ಶಾಲೆಯ ಚಡ್ಡಿಗಳು. ಎಲ್ಲವೂ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದ ಬಟ್ಟೆಗಳು. ಒಂದೊಂದನ್ನೂ ಹಿಂಡಿ ದಂಡೆಯ ಮೇಲೆ ಹಾಕುತ್ತ ಹೋದಳು. ಹಿಂಡುವ ಅಗತ್ಯವಿರಲಿಲ್ಲ, ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ.

ಕೊನೆಯ ಗಂಟು ಸಡಿಲವಾದಾಗ ನೀರು ಅವಳ ಎದೆಗೆ ಬಡಿಯಿತು. ಬೆಚ್ಚಗಿತ್ತು. ಬಿಳಿ ನೊರೆ ಓಣಿಯ ಉದ್ದಕ್ಕೂ ಇಳಿಯಿತು, ಹೊಸ್ತಿಲುಗಳನ್ನು ಮುಟ್ಟಿತು, ಅಳಿಸದೆ ಬಿಟ್ಟಿದ್ದ ರಂಗೋಲಿಯನ್ನು ಒಯ್ದಿತು. ಹೆಂಗಸರು ಕೊಳೆನೀರು ತಾಗದಂತೆ ಖಾಲಿ ಕೊಡಗಳನ್ನು ಎತ್ತಿ ಕಂಕುಳಿಗೆ ಏರಿಸಿಕೊಂಡರು. ಇಡೀ ಓಣಿಯಲ್ಲಿ ಹಮಾಮಿನ ಗುಲಾಬಿ ಅತ್ತರಿನ ಪರಿಮಳ ತುಂಬಿತು.

ದಾನವ್ವ ಕಟ್ಟೆಯ ಮೇಲೆ ಕಾಲು ಮಡಚಿಕೊಂಡು ಮೂಗು ಏರಿಸಿದಳು.

“ವಾಸನಿ ಛಲೋ ಅದ ನೋಡವಾ,” ಎಂದಳು.